ದಫ್ತರದ ಸಾಕ್ಷ್ಯ: ಅಮೇರಿಕೆಯ ವೈದ್ಯವಿದ್ಯಾಲಯಗಳ ಸಂಘದ ಹಳೆಯ ನಡವಳಿಗಳು

(ಜುಬಿಲಿ ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ನನಗೆ ವಹಿಸಿಕೊಟ್ಟಿರುವ ವಿಷಯವನ್ನು ಯಥಾಮತಿಯಾಗಿ ಅರಿಕೆ ಮಾಡಿಕೊಳ್ಳುತ್ತೇನೆ.

ವಿಷಯವು ಸಮುದ್ರದಾಚೆಯದು. ಅಮೇರಿಕಾ ಸಂಯುಕ್ತ ಸಂಸ್ಥಾನಗಳ ವೈದ್ಯವಿದ್ಯಾಲಯಗಳೆಲ್ಲ ಸೇರಿ ಕಟ್ಟಿಕೊಂಡ ಒಂದು ಸಂಘದ ಹಳೆಯ ದಫ್ತರವನ್ನು ಕುರಿತದ್ದು. ಜುಬಿಲಿಯ ಮಂಗಳಸಮಯದಲ್ಲಿ ಇಂತಹ ಒಣ ವಿಷಯವೇಕೆಂದು ಕೆಲವರಿಗೆ ತೋರಬಹುದು. ಜುಬಿಲಿಯೆಂಬುದು ಹಿಂದಿನದನ್ನು ನೆನೆಯುವ ಕಾಲವಷ್ಟೆ. ಕಟ್ಟಿದ ಕಟ್ಟಡಗಳು, ಕೊಟ್ಟ ದಾನಗಳು, ನಡೆದ ಉತ್ಸವಗಳು, ಇವುಗಳ ವೃತ್ತಾಂತವು ಸ್ಮರಣಸಂಪುಟದಲ್ಲಿ ಬರುವುದು ಯುಕ್ತವೇ ಆಗಿದೆ. ಆದರೆ ಒಂದು ಸಂಸ್ಥೆಯ ಚರಿತ್ರೆಯೆಂದರೆ ಗೆದ್ದ ದಿನಗಳ ಪಟ್ಟಿ ಮಾತ್ರವೇ? ಸೋತ ದಿನವನ್ನೂ ತಪ್ಪಿ ನಡೆದ ದಿನವನ್ನೂ ಬರೆದಿಡಬೇಕೇ, ಬೇಡವೇ? ಬರೆದಿಟ್ಟರೆ ಯಾರಿಗೆ ಏನು ಲಾಭ? ಈ ಪ್ರಶ್ನೆಗಳಿಗೆ ಆ ಸಂಘದ ನಡವಳಿಗಳಲ್ಲಿ ಉತ್ತರವಿದೆಯೆಂದು ನನಗೆ ತೋರಿದೆ. ನಮ್ಮ ನಾಡಿನ ಹಲವು ಮಠಗಳು ಇಂದು ವೈದ್ಯವಿದ್ಯಾಲಯಗಳನ್ನೂ ಆಸ್ಪತ್ರೆಗಳನ್ನೂ ನಡೆಯಿಸುತ್ತಿರುವುದರಿಂದ ಆ ಉತ್ತರವು ನಮಗೆ ತೀರ ಹೊರಗಿನದೂ ಅಲ್ಲ.

ಮೊದಲು ಒಂದು ಮಾತು. ಸೀರೆಯನ್ನು ಕೊಳ್ಳುವವಳು ನೂಲನ್ನು ಬೆರಳಿನಿಂದ ಮುಟ್ಟಿ ನೋಡುತ್ತಾಳೆ. ಎತ್ತನ್ನು ಕೊಳ್ಳುವವನು ಹಲ್ಲನ್ನೂ ನಡಿಗೆಯನ್ನೂ ನೋಡುತ್ತಾನೆ. ಆದರೆ ಜ್ವರದಿಂದ ನರಳುತ್ತ ಮಲಗಿರುವವನು ವೈದ್ಯನ ವಿದ್ಯೆಯನ್ನು ಹೇಗೆ ನೋಡಬೇಕು? ಗೋಡೆಗೆ ತೂಗಹಾಕಿದ ಪ್ರಶಸ್ತಿಪತ್ರವನ್ನು ನೋಡಿ ನಂಬುವುದೊಂದೇ ಅವನಿಗಿರುವ ದಾರಿ. ಆ ಪತ್ರವನ್ನು ಕೊಟ್ಟ ವಿದ್ಯಾಲಯವು ಸುಳ್ಳಾಡಿದ್ದರೆ ಆ ಸುಳ್ಳಿನ ಬೆಲೆಯನ್ನು ತೆರುವವನು ವಿದ್ಯಾರ್ಥಿಯಲ್ಲ, ಅಧ್ಯಾಪಕನಲ್ಲ, ಹಾಸಿಗೆಯಲ್ಲಿರುವ ರೋಗಿ. ವೈದ್ಯಶಿಕ್ಷಣದ ಚರಿತ್ರೆಯನ್ನೋದುವಾಗ ಈ ರೋಗಿಯನ್ನು ಮರೆಯಬಾರದು.

ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಅಮೇರಿಕೆಯ ವೈದ್ಯವಿದ್ಯಾಲಯಗಳ ಸ್ಥಿತಿಯು ಹೇಗಿದ್ದಿತೆಂದರೆ, ನಾಲ್ಕಾರು ಮಂದಿ ವೈದ್ಯರು ಕೂಡಿ ಒಂದು ಮನೆಯನ್ನು ಬಾಡಿಗೆಗೆ ಹಿಡಿದರೆ ಅದೇ ವಿದ್ಯಾಲಯವಾಗುತ್ತಿದ್ದಿತು. ಅಧ್ಯಾಪಕರಿಗೆ ಸಂಬಳವಿರಲಿಲ್ಲ, ಉಪನ್ಯಾಸಗಳಿಗೆ ಟಿಕೀಟುಗಳನ್ನು ಮಾರಿ ಬಂದ ಹಣವನ್ನು ಅವರೇ ಹಂಚಿಕೊಳ್ಳುತ್ತಿದ್ದರು. ನಾಲ್ಕೈದು ತಿಂಗಳುಗಳ ಒಂದು ಪಾಠಾವಧಿ. ಮರುವರ್ಷ ಮತ್ತೊಂದು ಅವಧಿ. ಎರಡನೆಯದರಲ್ಲಿ ಹೊಸ ಪಾಠವಿಲ್ಲ, ಮೊದಲನೆಯದರ ಪಾಠಗಳನ್ನೇ ಮತ್ತೊಮ್ಮೆ ಕೇಳಬೇಕು. ಬಹುಕಡೆಗಳಲ್ಲಿ ಪ್ರಯೋಗಶಾಲೆಯ ಸುಳಿವಿರಲಿಲ್ಲ. ರೋಗಿಯ ಮೈಮುಟ್ಟಿ ಪರೀಕ್ಷಿಸದೆಯೇ ಪದವೀಧರನಾಗಿ ಹೊರಬಿದ್ದವರು ಅನೇಕರು. ವಿದ್ಯಾರ್ಥಿಗಳು ಹೆಚ್ಚಿದಷ್ಟೂ ಅಧ್ಯಾಪಕರ ಆದಾಯವು ಹೆಚ್ಚುತ್ತಿದ್ದುದರಿಂದ ಯಾರನ್ನೂ ಬೇಡವೆನ್ನುವಂತಿರಲಿಲ್ಲ, ಯಾರನ್ನೂ ಅನುತ್ತೀರ್ಣರನ್ನಾಗಿ ಮಾಡುವಂತೆಯೂ ಇರಲಿಲ್ಲ.

ಈ ಕಟ್ಟನ್ನು ಒಂಟಿಯಾಗಿ ಮುರಿಯಹೊರಟ ಉದಾಹರಣೆಯೂ ಉಂಟು. ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾದ ಚಾರ್ಲ್ಸ್ ಎಲಿಯಟ್ಟರು ೧೮೭೧ರಲ್ಲಿ ತಮ್ಮ ವೈದ್ಯಶಾಲೆಯ ಕ್ರಮವನ್ನು ಬದಲಿಸಿದರು. ಮೂರು ವರ್ಷಗಳ ವ್ಯಾಸಂಗ, ಒಂದರ ಮೇಲೊಂದಾಗಿ ಏರುವ ಪಾಠಗಳು, ಅಧ್ಯಾಪಕರಿಗೆ ನಿಗದಿಯಾದ ಸಂಬಳ, ವಿದ್ಯಾರ್ಥಿಗಳಿಗೆ ಕಟ್ಟುನಿಟ್ಟಾದ ಪರೀಕ್ಷೆ, ಇವು ಆ ಬದಲಾವಣೆಯ ಮುಖ್ಯಾಂಶಗಳು. ಬರಹದ ಪರೀಕ್ಷೆಯ ಮಾತನ್ನೆತ್ತಿದಾಗ, ತಮ್ಮ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸರಿಯಾಗಿ ಬರೆಯಲೇ ಬಾರದೆಂದು ಅಲ್ಲಿಯ ಹಿರಿಯ ಶಸ್ತ್ರವೈದ್ಯರೊಬ್ಬರು ಆಕ್ಷೇಪಿಸಿದರಂತೆ. ಆಕ್ಷೇಪವೇ ರೋಗಲಕ್ಷಣವಾಗಿದ್ದಿತೆಂಬುದು ಅವರಿಗೆ ಹೊಳೆಯಲಿಲ್ಲ! ಹೊಸ ಕ್ರಮವು ಬಂದೊಡನೆ ವಿದ್ಯಾರ್ಥಿಗಳ ಸಂಖ್ಯೆಯು ಬಹಳವಾಗಿ ಇಳಿಯಿತು. ಕ್ರಮೇಣ ಮತ್ತೆ ಏರಿತು. ಹಾರ್ವರ್ಡಿನಂತಹ ಹಳೆಯ ಸಂಸ್ಥೆಯು ಇಂತಹ ಪೆಟ್ಟನ್ನು ತಾಳಿಕೊಂಡಿತು. ಬಾಡಿಗೆಯ ಮನೆಯಲ್ಲಿದ್ದ ಶಾಲೆಗಳು ತಾಳಿಕೊಳ್ಳುವುದು ಹೇಗೆ? ಒಬ್ಬನು ನಿಯಮವನ್ನು ಬಿಗಿಮಾಡಿದರೆ ವಿದ್ಯಾರ್ಥಿಗಳು ನೆರೆಯವನ ಬಾಗಿಲಿಗೆ ಹೋಗುತ್ತಾರೆ. ಆದುದರಿಂದ ಎಲ್ಲರೂ ಒಟ್ಟಾಗಿ ಬಿಗಿಮಾಡಬೇಕು. ಸಂಘದ ಹುಟ್ಟಿಗೆ ಇದೇ ಕಾರಣವು.

೧೮೭೬ನೆಯ ಇಸವಿಯು ಅಮೇರಿಕೆಯ ಸ್ವಾತಂತ್ರ್ಯದ ಶತಮಾನೋತ್ಸವದ ವರ್ಷ. ಆ ಉತ್ಸವವು ನಡೆಯುತ್ತಿದ್ದ ಫಿಲಡೆಲ್ಫಿಯಾ ಪಟ್ಟಣದಲ್ಲಿ, ಜೂನ್ ತಿಂಗಳಿನಲ್ಲಿ, ೨೨ ವೈದ್ಯವಿದ್ಯಾಲಯಗಳ ಪ್ರತಿನಿಧಿಗಳು ಸೇರಿ, ವೈದ್ಯಶಿಕ್ಷಣದ ಸುಧಾರಣೆಯನ್ನೇ ಉದ್ದೇಶವಾಗಿಟ್ಟುಕೊಂಡು ಅಮೇರಿಕೆಯ ವೈದ್ಯವಿದ್ಯಾಲಯಗಳ ಸಂಘವನ್ನು ಸ್ಥಾಪಿಸಿದರು. ಅದೇ ಪಟ್ಟಣದ ಜೆಫರ್ಸನ್ ವೈದ್ಯವಿದ್ಯಾಲಯದ ಜಾನ್ ಬಿಡ್ಲ್ ಎಂಬವರು ಪ್ರಥಮಾಧ್ಯಕ್ಷರಾದರು. ಈ ಸಂಘಕ್ಕೆ ಸರಕಾರದ ಬಲವಿರಲಿಲ್ಲ, ದಂಡ ವಿಧಿಸುವ ಅಧಿಕಾರವಿರಲಿಲ್ಲ. ಕೊಟ್ಟ ಮಾತಿಗೆ ಸದಸ್ಯರು ನಿಲ್ಲುವರೆಂಬ ವಿಶ್ವಾಸವೊಂದೇ ಅದರ ಬಂಡವಾಳವಾಗಿದ್ದಿತು.

ಆ ವಿಶ್ವಾಸಕ್ಕೆ ನಾಲ್ಕೇ ವರ್ಷಗಳಲ್ಲಿ ಪರೀಕ್ಷೆಯು ಬಂದಿತು. ಎರಡು ಪಾಠಾವಧಿಗಳ ಬದಲು ಮೂರು ಅವಧಿಗಳನ್ನು ಪ್ರತಿಯೊಂದು ಸದಸ್ಯ ವಿದ್ಯಾಲಯವೂ ಕಡ್ಡಾಯಗೊಳಿಸಬೇಕೆಂದು ೧೮೮೦ರಲ್ಲಿ ಸಂಘವು ಗೊತ್ತುವಳಿ ಮಾಡಿತು. ಗೊತ್ತುವಳಿಗೆ ಕೈಯೆತ್ತುವುದು ಸುಲಭ. ಊರಿಗೆ ಹಿಂದಿರುಗಿ ವಿದ್ಯಾರ್ಥಿಗೆ ಇನ್ನೂ ಒಂದು ವರ್ಷ ಓದೆಂದು ಹೇಳುವುದು ಕಷ್ಟ. ಒಂದೊಂದಾಗಿ ವಿದ್ಯಾಲಯಗಳು ಸಂಘವನ್ನು ಬಿಟ್ಟುಹೋದವು. ೧೮೮೨ರ ತರುವಾಯ ಸಭೆಯೇ ಸೇರಲಿಲ್ಲ. ೧೮೯೦ರ ವರೆಗೆ ಸಂಘವು ಹೆಸರಿಗೆ ಮಾತ್ರ ಉಳಿದಿದ್ದಿತು.

ಮಹನೀಯರೇ, ಆ ದಫ್ತರದಲ್ಲಿ ನನ್ನ ಮನಸ್ಸನ್ನು ಬಹಳವಾಗಿ ಸೆಳೆದ ಭಾಗವು ಈ ಎಂಟು ವರ್ಷಗಳ ಮೌನವೇ ಆಗಿದೆ. ಸಂಘವು ಇಂದು ಅತ್ಯಂತ ಪ್ರಬಲವಾಗಿದೆ. ಬೇಕೆಂದಿದ್ದರೆ ಅದು ತನ್ನ ಚರಿತ್ರೆಯನ್ನು ೧೮೯೦ರಿಂದಲೇ ಆರಂಭಿಸಿಕೊಳ್ಳಬಹುದಾಗಿದ್ದಿತು. ಸೋಲಿನ ಮಾತನ್ನೇ ಎತ್ತದೆ ಬಿಡಬಹುದಾಗಿದ್ದಿತು. ಹಾಗೆ ಮಾಡದೆ, ತಾನು ಹುಟ್ಟಿದ್ದು ೧೮೭೬ರಲ್ಲಿ, ಬಿದ್ದದ್ದು ಮೂರನೆಯ ಅವಧಿಯ ನಿಯಮದ ಮೇಲೆ, ಎದ್ದದ್ದು ೧೮೯೦ರಲ್ಲಿ ಎಂದು ಅದು ತಾನೇ ಹೇಳಿಕೊಂಡಿದೆ. ಮೊದಲಿನವರು ಎಲ್ಲಿ ಎಡವಿದರೆಂಬುದು ಗೊತ್ತಿದ್ದುದರಿಂದಲೇ ಮುಂದಿನವರು ಆ ಕಲ್ಲನ್ನು ಗುರುತಿಸಿ ಹೆಜ್ಜೆಯಿಡುವುದು ಸಾಧ್ಯವಾಯಿತು.

ಮೌನದ ಆ ವರ್ಷಗಳಲ್ಲಿಯೂ ಒಳ್ಳೆಯ ಶಾಲೆಗಳು ತಮ್ಮ ಕೆಲಸವನ್ನು ಮಾಡುತ್ತಲೇ ಇದ್ದವೆಂಬುದಕ್ಕೆ ನಮಗೆ ಪ್ರಿಯವಾದ ಒಂದು ನಿದರ್ಶನವಿದೆ. ಸಂಘವು ಹುಟ್ಟಿದ ಅದೇ ಫಿಲಡೆಲ್ಫಿಯಾದಲ್ಲಿ ೧೮೫೦ರಲ್ಲಿ ಸ್ಥಾಪಿತವಾಗಿದ್ದ ಸ್ತ್ರೀಯರ ವೈದ್ಯವಿದ್ಯಾಲಯದಿಂದ, ೧೮೮೬ರಲ್ಲಿ, ನಮ್ಮ ದೇಶದ ಆನಂದೀಬಾಯಿ ಜೋಶಿಯವರು ವೈದ್ಯಪದವಿಯನ್ನು ಪಡೆದರು. ಪಾಶ್ಚಾತ್ಯ ವೈದ್ಯಪದವಿಯನ್ನು ಗಳಿಸಿದ ಮೊದಲ ಭಾರತೀಯ ಸ್ತ್ರೀಯರಲ್ಲಿ ಅವರೊಬ್ಬರು. ಸ್ವದೇಶಕ್ಕೆ ಹಿಂದಿರುಗಿದ ಆ ತಾಯಿಯು ೧೮೮೭ರಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ, ಕ್ಷಯರೋಗದಿಂದ ತೀರಿಕೊಂಡರು.

೧೮೯೦ರಲ್ಲಿ ನ್ಯಾಶ್‌ವಿಲ್ ಪಟ್ಟಣದಲ್ಲಿ ಸಂಘವು ಪುನರುಜ್ಜೀವಿತವಾಯಿತು. ಹತ್ತು ವರ್ಷಗಳ ಹಿಂದೆ ಯಾವ ನಿಯಮದಿಂದ ಒಡೆದಿದ್ದಿತೋ ಆ ನಿಯಮವನ್ನೇ ಅದು ಮತ್ತೆ ಕೈಗೆತ್ತಿಕೊಂಡಿತು. ಮೂರು ವರ್ಷಗಳ ವ್ಯಾಸಂಗ, ಪ್ರವೇಶಕ್ಕೆ ಮುಂಚೆ ಪ್ರಾಥಮಿಕ ಪರೀಕ್ಷೆ, ಬರಹದ ಪರೀಕ್ಷೆ, ಪ್ರಯೋಗಶಾಲೆಯ ಅಭ್ಯಾಸ, ಇವುಗಳನ್ನು ಸದಸ್ಯತ್ವದ ಕರಾರಾಗಿ ಮಾಡಿತು. ಈ ಸಾರಿ ಸಂಘವು ಒಡೆಯಲಿಲ್ಲ. ಈ ನಡುವೆ ಬೇರೆ ಬೇರೆ ಸಂಸ್ಥಾನಗಳಲ್ಲಿ ವೈದ್ಯರಿಗೆ ಪರವಾನಗಿ ಕೊಡುವ ಮಂಡಳಿಗಳು ಏರ್ಪಟ್ಟು, ಅರೆಬರೆ ಓದಿದವರಿಗೆ ಬಾಗಿಲು ಮುಚ್ಚತೊಡಗಿದ್ದುದು ಇದಕ್ಕೊಂದು ಕಾರಣವು. ಆ ದಶಕದೊಳಗಾಗಿಯೇ ಮೂರು ವರ್ಷಗಳು ನಾಲ್ಕಾದವು. ೧೮೯೩ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವೈದ್ಯಶಾಲೆಯು ಪದವೀಧರರನ್ನು ಮಾತ್ರ ಸೇರಿಸಿಕೊಳ್ಳುವುದಾಗಿಯೂ, ಸ್ತ್ರೀಪುರುಷರಿಬ್ಬರಿಗೂ ಒಂದೇ ಕರಾರೆಂದೂ ಸಾರಿ ತೆರೆಯಿತು. ಅದೇ ಮುಂದೆ ಮಾದರಿಯಾಯಿತು.

ಆದರೆ ಕಾಗದದ ಮೇಲಿನ ನಿಯಮವೊಂದು, ಶಾಲೆಯೊಳಗಿನ ನಡೆಯೊಂದು ಆಗಿದ್ದರೆ? ಈ ಪ್ರಶ್ನೆಯು ದೊಡ್ಡದಾಗಿ ಎದ್ದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ಅಮೇರಿಕೆಯ ವೈದ್ಯರ ಮಹಾಸಂಘವು ೧೯೦೪ರಲ್ಲಿ ವೈದ್ಯಶಿಕ್ಷಣಕ್ಕಾಗಿ ಒಂದು ಮಂಡಳಿಯನ್ನು ನೇಮಿಸಿತು. ಆ ಮಂಡಳಿಯು ಶಾಲೆಗಳನ್ನು ತಪಾಸಣೆ ಮಾಡಿದರೂ, ವೈದ್ಯರು ವೈದ್ಯರನ್ನೇ ಬಹಿರಂಗವಾಗಿ ದೂಷಿಸುವುದು ಯುಕ್ತವಲ್ಲವೆಂದು ತನ್ನ ವರದಿಯನ್ನು ಪ್ರಕಟಿಸಲಿಲ್ಲ. ಕಾರ್ನೆಗಿ ಪ್ರತಿಷ್ಠಾನವು ಆ ಕೆಲಸವನ್ನು ಸ್ವತಂತ್ರವಾಗಿ ಮಾಡಲೆಂದು ಕೇಳಿಕೊಂಡಿತು. ಪ್ರತಿಷ್ಠಾನವು ಆರಿಸಿದವರು ಏಬ್ರಹಾಂ ಫ್ಲೆಕ್ಸ್‌ನರ್ ಎಂಬ ಉಪಾಧ್ಯಾಯರು. ಅವರು ವೈದ್ಯರಲ್ಲ, ಲೂಯಿವಿಲ್ ಪಟ್ಟಣದಲ್ಲಿ ಶಾಲೆಯನ್ನು ನಡೆಯಿಸಿದವರು.

ಅಮೇರಿಕೆ ಮತ್ತು ಕೆನಡಾ ದೇಶಗಳ ೧೫೫ ವೈದ್ಯವಿದ್ಯಾಲಯಗಳನ್ನು ಅವರು ಖುದ್ದಾಗಿ ನೋಡಿಬಂದರು. ಅವರು ಅನುಸರಿಸಿದ ಕ್ರಮವು ಸರಳವಾದದ್ದು. ಶಾಲೆಯು ಅಚ್ಚುಹಾಕಿಸಿದ ವಿವರಪತ್ರಿಕೆಯು ಏನು ಹೇಳುತ್ತದೆ? ಸೇರಿಸಿಕೊಂಡ ವಿದ್ಯಾರ್ಥಿಗಳ ಪ್ರಮಾಣಪತ್ರಗಳು ಏನು ಹೇಳುತ್ತವೆ? ಅಧ್ಯಾಪಕರೆಷ್ಟು, ಶಾಲೆಯ ಆದಾಯವೆಷ್ಟು, ಪ್ರಯೋಗಶಾಲೆಯಲ್ಲಿ ಇರುವುದೇನು, ಆಸ್ಪತ್ರೆಯ ಹಾಸಿಗೆಗಳ ಹತ್ತಿರ ವಿದ್ಯಾರ್ಥಿಗೆ ಪ್ರವೇಶವುಂಟೇ? ಇಷ್ಟನ್ನು ಎದುರುಬದುರಾಗಿಟ್ಟು ನೋಡಿದರೆ ಸತ್ಯವು ತಾನಾಗಿ ಹೊರಬೀಳುತ್ತಿದ್ದಿತು. ಶರೀರಕ್ರಿಯಾಶಾಸ್ತ್ರದ ಪ್ರಯೋಗಶಾಲೆಯಿದೆಯೇ ಎಂದು ಒಂದು ಶಾಲೆಯಲ್ಲಿ ಕೇಳಿದಾಗ, ಮುಖ್ಯಸ್ಥನು ಮಹಡಿಯ ಮೇಲಿದೆ, ತರುತ್ತೇನೆಂದು ಹೇಳಿ, ನಾಡಿಯ ಬಡಿತವನ್ನು ಗೆರೆಯಾಗಿ ಬರೆಯುವ ಚಿಕ್ಕ ಯಂತ್ರವೊಂದನ್ನು ಕೈಯಲ್ಲಿ ಹಿಡಿದು ತಂದನೆಂದು ಫ್ಲೆಕ್ಸ್‌ನರರು ತಮ್ಮ ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿದ್ದಾರೆ. ಇನ್ನೊಂದು ಕಡೆ ಬಾಗಿಲುಗಳ ಮೇಲೆ ಶಾಸ್ತ್ರಗಳ ಹೆಸರುಗಳು ಬರೆದಿದ್ದವು, ಬಾಗಿಲುಗಳಿಗೆ ಬೀಗವಿದ್ದಿತು. ಮುಖ್ಯಸ್ಥನು ಹೋದ ಮೇಲೆ ಕಾವಲುಗಾರನ ಕೈಗೆ ಐದು ಡಾಲರುಗಳನ್ನಿತ್ತು ತೆರೆಯಿಸಿ ನೋಡಿದರೆ, ಒಳಗೆ ಮೇಜು, ಕುರ್ಚಿ, ಸಣ್ಣ ಕರಿಹಲಗೆ ಇಷ್ಟೇ!

೧೯೧೦ರಲ್ಲಿ ಅವರ ವರದಿಯು ಪ್ರಕಟವಾಯಿತು. ಶಾಲೆಗಳ ಹೆಸರು ಹಿಡಿದು, ಒಂದೊಂದರ ಸ್ಥಿತಿಯನ್ನೂ ಮುಚ್ಚುಮರೆಯಿಲ್ಲದೆ ಬರೆದ ವರದಿಯದು. ಅಮೇರಿಕೆಗೆ ೩೧ ಒಳ್ಳೆಯ ಶಾಲೆಗಳು ಸಾಕೆಂಬುದು ಅವರ ಅಭಿಪ್ರಾಯವು. ಪರವಾನಗಿಯ ಮಂಡಳಿಗಳ ಬಿಗಿಯಿಂದ ಅದಕ್ಕೆ ಮೊದಲೇ ಆರಂಭವಾಗಿದ್ದ ಇಳಿಮುಖವು ಈಗ ವೇಗವಾಯಿತು. ಶತಮಾನದ ಆರಂಭದಲ್ಲಿ ೧೬೦ರ ಆಸುಪಾಸಿನಲ್ಲಿದ್ದ ವೈದ್ಯವಿದ್ಯಾಲಯಗಳು ೧೯೨೦ರ ವೇಳೆಗೆ ೮೫ಕ್ಕೆ ಇಳಿದವು. ಉಳಿದವುಗಳಲ್ಲಿ ಪ್ರಯೋಗಶಾಲೆಗಳೂ ಬೋಧಕ ಆಸ್ಪತ್ರೆಗಳೂ ಎದ್ದವು. ಸಂಘವು ಅರ್ಧಶತಮಾನದ ಹಿಂದೆ ಕಂಡ ಕನಸು ಬಹುಮಟ್ಟಿಗೆ ಕೈಗೂಡಿತು.

ಇಲ್ಲಿಗೆ ಕಥೆಯನ್ನು ಮುಗಿಸಿದ್ದರೆ ಅದು ಜಯಘೋಷದ ಕಥೆಯಾಗುತ್ತಿದ್ದಿತು. ಆದರೆ ದಫ್ತರವು ಇಷ್ಟಕ್ಕೆ ನಿಲ್ಲಗೊಡುವುದಿಲ್ಲ.

ಆ ಕಾಲದಲ್ಲಿ ಅಮೇರಿಕೆಯ ಕೃಷ್ಣವರ್ಣೀಯರಿಗೆ ಬಹುತೇಕ ವೈದ್ಯಶಾಲೆಗಳ ಬಾಗಿಲು ಮುಚ್ಚಿದ್ದಿತು. ದಾಸ್ಯದಿಂದ ಬಿಡುಗಡೆಯಾದ ಆ ಜನರಿಗಾಗಿಯೇ ಏಳು ವೈದ್ಯಶಾಲೆಗಳು ಬಡತನದಲ್ಲಿ ನಡೆಯುತ್ತಿದ್ದವು. ಫ್ಲೆಕ್ಸ್‌ನರರು ಅವುಗಳಲ್ಲಿ ವಾಷಿಂಗ್ಟನ್ನಿನ ಹೊವಾರ್ಡ್, ನ್ಯಾಶ್‌ವಿಲ್ಲಿನ ಮೆಹಾರಿ ಎಂಬ ಎರಡನ್ನು ಮಾತ್ರ ಉಳಿಸಿಕೊಳ್ಳಬೇಕೆಂದು ಬರೆದರು. ಅಷ್ಟೇ ಅಲ್ಲದೆ, ಆ ಜನಾಂಗದ ವೈದ್ಯರಿಗೆ ಶಸ್ತ್ರಚಿಕಿತ್ಸೆಗಿಂತ ನೈರ್ಮಲ್ಯದ ಶಿಕ್ಷಣವೇ ಮುಖ್ಯವೆಂದೂ, ಅವರಲ್ಲಿಯ ರೋಗಗಳು ಬಿಳಿಯರಿಗೆ ಅಂಟದಂತಿರಲು ಅದು ಅವಶ್ಯವೆಂದೂ ಬರೆದರು. ೧೯೨೩ರ ವೇಳೆಗೆ ಉಳಿದ ಐದೂ ಶಾಲೆಗಳು ಮುಚ್ಚಿದ್ದವು. ಅವುಗಳ ಕೊರತೆಗಳು ನಿಜವಾಗಿದ್ದಿರಬಹುದು. ಆದರೆ ಮುಚ್ಚಿದ ಶಾಲೆಯ ವಿದ್ಯಾರ್ಥಿಯು ಎಲ್ಲಿಗೆ ಹೋಗಬೇಕೆಂಬುದನ್ನು ಯಾರೂ ಕೇಳಲಿಲ್ಲ. ಬಿಳಿಯ ವಿದ್ಯಾರ್ಥಿಯ ಶಾಲೆಯು ಮುಚ್ಚಿದರೆ ನೆರೆಯೂರಿನಲ್ಲಿ ಬೇರೊಂದಿದ್ದಿತು, ಇವರಿಗೆ ಇರಲಿಲ್ಲ. ಆ ಐದು ಶಾಲೆಗಳು ಮುಚ್ಚದೆ ನಡೆದಿದ್ದರೆ ಸುಮಾರು ೩೫,೦೦೦ ವೈದ್ಯರು ಹೆಚ್ಚಾಗಿ ತಯಾರಾಗುತ್ತಿದ್ದರೆಂದು ೨೦೨೦ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಲೆಕ್ಕಹಾಕಿದೆ. ಅಷ್ಟು ಮಂದಿ ವೈದ್ಯರ ಕೈಸೇರಬೇಕಾಗಿದ್ದ ರೋಗಿಗಳೆಷ್ಟೆಂಬುದನ್ನು ಲೆಕ್ಕಹಾಕುವವರಾರು?

ಸಂಘವು ಫ್ಲೆಕ್ಸ್‌ನರರ ಹೆಸರಿನಲ್ಲಿ ವೈದ್ಯಶಿಕ್ಷಣದ ಸೇವೆಗಾಗಿ ಒಂದು ದೊಡ್ಡ ಪಾರಿತೋಷಕವನ್ನು ಬಹುಕಾಲ ಕೊಡುತ್ತಿದ್ದಿತು. ೧೯೧೦ರ ವರದಿಯ ಆ ಪುಟಗಳನ್ನು ಮತ್ತೆ ಓದಿ, ಅದರಿಂದಾದ ಅನ್ಯಾಯವನ್ನು ಒಪ್ಪಿಕೊಂಡು, ೨೦೨೦ರಲ್ಲಿ ಆ ಪಾರಿತೋಷಕದಿಂದ ಅವರ ಹೆಸರನ್ನು ತೆಗೆಯಿತು. ವರದಿಯನ್ನು ಸುಡಲಿಲ್ಲ, ಅವರಿಂದಾದ ಉಪಕಾರವನ್ನು ಅಲ್ಲಗಳೆಯಲಿಲ್ಲ. ಗೌರವದ ಪೀಠದಿಂದ ಹೆಸರನ್ನು ಇಳಿಸಿ, ಬರಹವನ್ನು ಕಪಾಟಿನಲ್ಲಿಯೇ ಉಳಿಸಿತು. ನೂರಹತ್ತು ವರ್ಷಗಳ ತರುವಾಯವಾದರೂ ತಪ್ಪು ತಿಳಿದದ್ದು ಹೇಗೆ? ಮೂಲಬರಹವು ಅಳಿಯದೆ ಉಳಿದಿದ್ದರಿಂದ. ತಿದ್ದಿ ಬರೆದ ಚರಿತ್ರೆಯು ಯಾರನ್ನೂ ತಿದ್ದಲಾರದು.

ಉಳಿದ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ೧೯೨೦ರ ದಶಕದಲ್ಲಿ ಶಾಲೆಗಳಿಗೆ ಸೇರಿದ ವಿದ್ಯಾರ್ಥಿಗಳಲ್ಲಿ ಬಹುಮಂದಿ ನಡುವೆಯೇ ವ್ಯಾಸಂಗವನ್ನು ಬಿಟ್ಟುಹೋಗುತ್ತಿದ್ದುದು ಲೆಕ್ಕಗಳಿಂದ ಕಂಡುಬಂದುದರಿಂದ, ಸೇರುವ ಮೊದಲೇ ಯೋಗ್ಯತೆಯನ್ನು ಅಳೆಯುವ ಪ್ರವೇಶಪರೀಕ್ಷೆಯೊಂದನ್ನು ೧೯೨೮ರಲ್ಲಿ ಪ್ರಾರಂಭಿಸಿದರು. ಇಂದಿಗೂ ಅದರ ಪರಂಪರೆಯು ನಡೆದುಬಂದಿದೆ. ೧೯೨೯ರಿಂದ ಸಂಘದ ಪತ್ರಿಕೆಯು ಸ್ವಂತ ಹೆಸರಿನಿಂದ ಹೊರಡತೊಡಗಿತು. ೧೯೪೨ರಲ್ಲಿ, ಮಹಾಯುದ್ಧದ ನಡುವೆ, ವೈದ್ಯರ ಮಹಾಸಂಘದೊಡನೆ ಕೂಡಿ ವೈದ್ಯಶಾಲೆಗಳಿಗೆ ಮಾನ್ಯತೆಯನ್ನು ಕೊಡುವ ಜಂಟಿ ಸಮಿತಿಯನ್ನು ಸ್ಥಾಪಿಸಿದರು. ಈ ದೀರ್ಘಕಾಲದಲ್ಲಿ ನಾಲ್ಕು ದಶಕಗಳಿಗೂ ಮಿಕ್ಕು ಕಾರ್ಯದರ್ಶಿಯಾಗಿದ್ದು ಸಂಘದ ವ್ಯವಹಾರವನ್ನು ನಿರ್ವಹಿಸಿದವರು ಫ್ರೆಡ್ ಝಾಪ್ಫೆ ಎಂಬ ವೈದ್ಯರು. ಅಧ್ಯಕ್ಷರು ವರ್ಷವರ್ಷವೂ ಬದಲಾದರು. ಕಾರ್ಯದರ್ಶಿಯ ಲೇಖನಿಯು ಬದಲಾಗಲಿಲ್ಲ. ಇಂತಹವರ ಭಾವಚಿತ್ರವನ್ನು ಮೆರವಣಿಗೆಯಲ್ಲಿ ಹೊರುವವರಿಲ್ಲ. ಆದರೂ ಸಂಸ್ಥೆಯ ನೆನಪೆಂಬುದು ಇಂತಹವರ ಕೈಯಲ್ಲಿಯೇ ಇರುತ್ತದೆ.

ಇಷ್ಟರಿಂದ ನಾವು ಗ್ರಹಿಸತಕ್ಕದ್ದೇನೆಂಬುದನ್ನು ಎರಡು ಮಾತುಗಳಲ್ಲಿ ಹೇಳಿ ಮುಗಿಸುತ್ತೇನೆ.

ಒಂದನೆಯದು: ವಿದ್ಯಾಸಂಸ್ಥೆಯು ಎರಡು ಬಗೆಯ ಬರಹಗಳನ್ನು ಇಡುತ್ತದೆ. ಹೊರಗಿನವರಿಗಾಗಿ ಅಚ್ಚುಹಾಕಿಸುವ ವಿವರಪತ್ರಿಕೆಯೊಂದು. ಒಳಗಿನ ಹಾಜರಿ, ಲೆಕ್ಕ, ನಡವಳಿಗಳ ಪುಸ್ತಕವೊಂದು. ಇವೆರಡೂ ಒಂದೇ ಮಾತನ್ನಾಡಿದರೆ ಆ ಸಂಸ್ಥೆಯು ಯಾರಿಗೂ ಅಂಜಬೇಕಾದುದಿಲ್ಲ. ಪರೀಕ್ಷಕನು ಯಾವ ಬಾಗಿಲನ್ನಾದರೂ ತೆರೆಯಿಸಲಿ. ಎರಡೂ ಬೇರೆ ಬೇರೆ ಮಾತನ್ನಾಡಿದರೆ, ಎಷ್ಟು ದೊಡ್ಡ ಕಟ್ಟಡವಿದ್ದರೂ ಅದು ಬೀಗಹಾಕಿದ ಬರಿಯ ಕೋಣೆಯೇ ಸರಿ. ಸಭೆಯಲ್ಲಿ ಭಿನ್ನಾಭಿಪ್ರಾಯವಾದರೆ ಅದನ್ನೂ ಬರೆಯಬೇಕು. ಕೈಗೊಂಡ ಕೆಲಸವು ಕೆಟ್ಟರೆ ಯಾವ ಕಾರಣದಿಂದ ಕೆಟ್ಟಿತೆಂಬುದನ್ನೂ ಬರೆಯಬೇಕು. ಗೆದ್ದದ್ದನ್ನು ಜನರು ತಾವಾಗಿಯೇ ನೆನಪಿಡುತ್ತಾರೆ. ಬರೆದಿಡದಿದ್ದರೆ ಮರೆತುಹೋಗುವುದು ಸೋಲು.

ಎರಡನೆಯದು: ಒಳ್ಳೆಯ ಉದ್ದೇಶದಿಂದ ಮಾಡಿದ ಸುಧಾರಣೆಯೂ ಸಭೆಯಲ್ಲಿ ಕುಳಿತಿರದವನ ಪಾಲಿಗೆ ಅನ್ಯಾಯವಾಗಬಹುದು. ಫಿಲಡೆಲ್ಫಿಯಾದ ಸಭೆಯಲ್ಲಿಯಾಗಲಿ ೧೯೧೦ರ ವರದಿಯ ಸಿದ್ಧತೆಯಲ್ಲಿಯಾಗಲಿ ಆ ಬಡವಿದ್ಯಾರ್ಥಿಗಳ ಮಾತಿಗೆ ಸ್ಥಳವಿರಲಿಲ್ಲ. ಯಾರ ಮಾತು ನಡವಳಿಯಲ್ಲಿ ಬಂದಿದೆಯೆಂದು ನೋಡುವಂತೆಯೇ, ಯಾರ ಮಾತು ಬಂದಿಲ್ಲವೆಂದೂ ನೋಡುವ ಅಭ್ಯಾಸವು ನಮಗೆ ಬೇಕು. ಪ್ರವೇಶದ ನಿಯಮವನ್ನಾಗಲಿ ಶುಲ್ಕವನ್ನಾಗಲಿ ಗೊತ್ತುಮಾಡುವ ದಿನ, ಬಾಗಿಲ ಹೊರಗೆ ನಿಂತವನಾರೆಂದು ಒಮ್ಮೆ ಕೇಳಿಕೊಂಡರೆ, ನೂರು ವರ್ಷಗಳ ತರುವಾಯ ನಮ್ಮ ಮಕ್ಕಳು ಯಾವ ಹೆಸರನ್ನೂ ಪೀಠದಿಂದ ಇಳಿಸಬೇಕಾಗಿ ಬರಲಿಕ್ಕಿಲ್ಲ.

ಈ ಸಂಪುಟವನ್ನು ಮುಂದಿನ ಜುಬಿಲಿಯ ಕಾಲದಲ್ಲಿ ತೆರೆದು ನೋಡುವವರು ನಮ್ಮನ್ನು ಕಂಡವರಾಗಿರುವುದಿಲ್ಲ. ನಾವು ಬರೆದಿಟ್ಟದ್ದೇ ಅವರಿಗೆ ನಮ್ಮ ಮುಖ. ಅದು ಬಣ್ಣ ಬಳಿದ ಮುಖವಾಗದೆ, ಇದ್ದ ಮುಖವೇ ಆಗಿರಲೆಂದು ಹಾರೈಸಿ, ನನ್ನ ಮಾತನ್ನು ಮುಗಿಸುತ್ತೇನೆ.